ತಾತನ ವೆಬ್ಲಿಯೋ, ಕಾನ್ಪುರದ ಹೊಸ ರಿವಾಲ್ವರೋ?

ತಾತನ ಕಾಲದ ಪಾಯಿಂಟ್ 32 (ನಳಿಗೆಯ ಅಳತೆ) ವೆಬ್ಲಿ ಸ್ಕಾಟ್ ಎಂಬ ಇಂಗ್ಲೆಂಡಿನ ರಿವಾಲ್ವರನ್ನು ಇಟ್ಟುಕೊಳ್ಳಲೋ, ಅದನ್ನು ಕೊಟ್ಟು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸದು ತಗೊಳ್ಳಲೋ, ಬಾಳಿಕೆ ಯಾವುದಕ್ಕೆ ಎಂದು ಕೇಳಿದ್ದೀರಿ. ಜೋಡಣೆ ಇನ್ನೂ ಬಿಗಿಯಾಗಿದ್ದರೆ ತಾತನದ್ದನ್ನೇ ಇಟ್ಟುಕೊಳ್ಳಿ. ಆದರೆ ಹೆಸರನ್ನು ನಂಬಿ ತೀರ್ಮಾನ ಮಾಡಬೇಡಿ.

ನಮ್ಮ ಸಕಲೇಶಪುರದ ತೋಟದವರಿಗೆ ವಿಲಾಯ್ತಿ ಕೋವಿ ಎಂದರೆ ಇಂದಿಗೂ ಭಕ್ತಿ. ಆ ಉಕ್ಕು, ಆ ಕೈಕೆಲಸ ಒಳ್ಳೆಯದೇ, ಒಪ್ಪುತ್ತೇನೆ. ಆದರೆ 1980ರ ದಶಕದಲ್ಲಿ ಆಮದಿಗೆ ತಡೆ ಬಿದ್ದ ಮೇಲೆ ಇಲ್ಲಿ ಕೈಬದಲಾಗುತ್ತಿರುವುದೆಲ್ಲ ಹಳೆಯ ಮಾಲು. ಕೆಟ್ಟವು ಮೂಲೆ ಸೇರಿವೆ, ಉಳಿದವನ್ನು ತೋರಿಸಿ ಜನ ಹೊಗಳುತ್ತಾರೆ. ಹೊಗಳುವವರಲ್ಲಿ ಬಹಳ ಮಂದಿ ವರ್ಷಕ್ಕೆ ಹತ್ತು ತೋಟಾ ಕೂಡ ಹಾರಿಸುವುದಿಲ್ಲ. ಅಮೆರಿಕದ ಸೇನೆ 1911ರಲ್ಲಿ ಕೋಲ್ಟ್ ಪಿಸ್ತೂಲನ್ನು ಒಪ್ಪಿಕೊಳ್ಳುವ ಮೊದಲು ಅದರಲ್ಲಿ 6,000 ಗುಂಡು ಹೊಡೆಸಿ ನೋಡಿತ್ತು. ಹಾಗೆ ಗಳಿಸಿದ ಹೆಸರಿಗೆ ಒಂದು ತೂಕವಿದೆ.

ಇನ್ನೊಂದು ವಿಷಯ. ಕಾನ್ಪುರದ ಹಳೆಯ ಪಾಯಿಂಟ್ 32 ರಿವಾಲ್ವರ್ ಕೂಡ ವೆಬ್ಲಿಯ ವಿನ್ಯಾಸವೇ, ನಳಿಗೆಯನ್ನು ಕೆಳಕ್ಕೆ ಬಾಗಿಸಿ ನಡು ಮುರಿದಂತೆ ತೆರೆಯುವಂಥದ್ದು. ಇತ್ತ ವೆಬ್ಲಿ ಹೆಸರಿನ ರಿವಾಲ್ವರ್‌ಗಳು ಉತ್ತರಪ್ರದೇಶದ ಹರ್ದೋಯಿಯಲ್ಲೇ ತಯಾರಾಗುತ್ತಿವೆ!

ಹಾಗಾಗಿ ನಿಮ್ಮದನ್ನೇ ಪರೀಕ್ಷಿಸಿ. ತೋಟಾ ಪೂರ್ತಿ ತೆಗೆದು, ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಟ್ರಿಗರ್ ಎಳೆದು ಹಿಡಿದೇ ಸಿಲಿಂಡರನ್ನು, ಅಂದರೆ ತೋಟಾ ತುಂಬುವ ತಿರುಗುವ ಭಾಗವನ್ನು, ಬೆರಳಲ್ಲಿ ಅಲ್ಲಾಡಿಸಿ. ತುಸು ಸಡಿಲ ಸಹಜ, ಲೊಡಲೊಡ ಎಂದರೆ ಆರೂ ಕೋಣೆ ನಳಿಗೆಗೆ ನೇರವಾಗಿ ನಿಲ್ಲುತ್ತಿಲ್ಲ ಎಂದೇ ಅನುಮಾನಿಸಿ. ಈ ಮಾದರಿಯಲ್ಲಿ ಮೊದಲು ಸವೆಯುವುದು ಮೇಲಿನ ಚಿಲಕ ಮತ್ತು ಕೆಳಗಿನ ಕೀಲು. ಮುಚ್ಚಿದ ಮೇಲೂ ನಳಿಗೆ ಮೇಲೆ ಕೆಳಗೆ ಆಡುತ್ತಿದ್ದರೆ ಅದರಲ್ಲಿ ಗುಂಡು ಹಾರಿಸಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ರಿಪೇರಿಯಾಗದಿದ್ದರೆ ನಾನು 2023ರಲ್ಲಿ ಬಂದ ‘ಪ್ರಬಲ್’ ಎಂಬ ರಿವಾಲ್ವರ್ ಕಡೆ ವಾಲುತ್ತೇನೆ. ಅದೂ ಕಾನ್ಪುರದ್ದೇ, ಆದರೆ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಚೌಕಟ್ಟು ಒಂದೇ ತುಂಡು. ಸವೆಯುವ ಆ ಕೀಲೇ ಇಲ್ಲ.

ಯಾವುದನ್ನೇ ಇಟ್ಟುಕೊಳ್ಳಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಚೀಲ ತಾಗಿದ ಜಾಗದಲ್ಲೇ ತುಕ್ಕು ಹಿಡಿಯುತ್ತದೆ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡುವ ಮುನ್ನವೂ ನಳಿಗೆಯ ಒಳಗೆ ತೆಳ್ಳಗೆ ಎಣ್ಣೆ ಸವರಿ, ವಾಪಸ್ ಬಂದ ದಿನವೇ ಒರೆಸಿ ನೋಡಿ.