ದೋಣಿ ಹತ್ತಲು ಒಪ್ಪದ ಅಕ್ಕ

ಮನೆಯವರನ್ನು ಕಳೆದುಕೊಂಡವರಿಗೆ ಆಪ್ತಸಮಾಲೋಚನೆ ಮಾಡುವವಳು ನಾನು. ಒಂದೇ ತರಹದ ಫೋನ್ ಎರಡು ವರ್ಷದಲ್ಲಿ ಮೂರನೇ ಸಲ ಬಂತು. "ಮೇಡಂ, ತೀರಿಕೊಂಡವರ ಆಸೆ ಇದು. ಅಮ್ಮ ಒಪ್ಪುತ್ತಿಲ್ಲ. ನೀವೊಂದು ಮಾತು ಹೇಳಿ." ಆಸೆ ಮಾತ್ರ ಬೇರೆ ಬೇರೆ. ಒಬ್ಬರದು ಕಾಶಿ, ಒಬ್ಬರದು ಊರಲ್ಲೊಂದು ಮನೆ, ಈ ಸಲ ಹಾಯಿದೋಣಿ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಯಜಮಾನರು ಕುಂದಾಪುರ ಕಡೆಯವರು, ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. 2012ರ ನವೆಂಬರ್‌ನಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ ಮುಂಬೈಯಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಸುಮಾರು ಐದು ತಿಂಗಳಿಗೆ ವಾಪಸ್ ಬಂದರಲ್ಲ, ಆ ಪೇಪರ್ ತುಂಡು ಇವರ ಗಲ್ಲಾಪೆಟ್ಟಿಗೆಯಲ್ಲೇ ಇತ್ತಂತೆ. ದೋಣಿಯ ಹೆಸರು ಮ್ಹಾದೇಯಿ, ಉದ್ದ 56 ಅಡಿ. "ನಮ್ಮ ಮಹದಾಯಿ ಹೊಳೆ ಹೆಸರೇ ಅದು" ಅಂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಇವರು ಹತ್ತಿದ್ದು ಮಾತ್ರ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚ್, ಅಷ್ಟೇ.

ಆಮೇಲೆ ಕರುಳಿನ ಕ್ಯಾನ್ಸರ್. ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳೂ ಬಾಯಲ್ಲಿ ಒಂದೇ ಮಾತು: ಮಳೆಗಾಲ ಕಳೆಯಲಿ, ಹಾಯಿ ಕಟ್ಟಿಕೊಂಡು ಮಲ್ಪೆಗೆ ಹೋಗೋಣ.

ವರ್ಷಾಂತಿಕದ ಹೊತ್ತಿಗೆ ಮಗ ಗೇಟ್‌ವೇ ಹತ್ತಿರ ಬಾಡಿಗೆ ದೋಣಿ ಗೊತ್ತು ಮಾಡಿದ್ದ. ಹನ್ನೆರಡು ಜನ ನೆಂಟರು ಸಿದ್ಧ. ಅಕ್ಕ (ಯಜಮಾನರ ಹೆಂಡತಿಯನ್ನು ನಾನು ಹಾಗೇ ಕರೆಯುತ್ತಿದ್ದೆ) ಬರಲ್ಲ ಅಂದರು. ನಾದಿನಿ ಫೋನಿನಲ್ಲೇ ಕೇಳಿದರಂತೆ, "ಅಣ್ಣನಿಗೆ ಇಷ್ಟೂ ಮಾಡಕ್ಕಾಗಲ್ವಾ?"

ಮೊದಲ ಭೇಟಿಯಲ್ಲಿ ನಾನೂ ತಪ್ಪು ಮಾಡಿದೆ. ಊಟ, ನಿದ್ದೆ, ಬದುಕು ಬೇಡ ಅನ್ನಿಸುವುದು, ಇದೆಲ್ಲ ಕೇಳಿಕೊಂಡೆ. ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಹಾಗಾದರೆ ನೀರಿನ ಭಯವೇ ಇರಬೇಕು ಅಂದುಕೊಂಡು, "ದಡದಲ್ಲಿ ಸುಮ್ನೆ ಕೂತು ಬರೋಣವಾ?" ಅಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಇನ್ನು ಬರುವುದಿಲ್ಲ ಅಂದುಕೊಂಡೆ.

ಎರಡು ವಾರ ಬಿಟ್ಟು ಬಂದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಒಂದು ಮಾರು ಬಿಳಿ ನೈಲಾನ್ ಹಗ್ಗ. ಒಂದು ತುದಿಯನ್ನು ಕರಗಿಸಿ ಕಪ್ಪಾಗಿಸಿದ್ದರು, ಎಳೆ ಬಿಚ್ಚದ ಹಾಗೆ.

"ನಿಮ್ಮ ಕೈ ಕೊಡಿ" ಅಂದರು. ಕೊಟ್ಟೆ. ಮಣಿಕಟ್ಟಿನ ಸುತ್ತ ಹಗ್ಗ ತಂದು ಮೆಲ್ಲಗೆ ಹೇಳಿದರು, "ಮೊಲ ಬಿಲದಿಂದ ಹೊರಗೆ ಬಂತು. ಮರ ಸುತ್ತಿತು. ಮತ್ತೆ ಬಿಲಕ್ಕೆ ಹೋಯ್ತು. ಈಗ ಎಳೀರಿ." ಎಳೆದೆ. ಕುಣಿಕೆ ಬಿಗಿಯಲಿಲ್ಲ. ದೋಣಿಯವರು ಇದಕ್ಕೆ ಬೋಲೈನ್ ಗಂಟು ಅನ್ನುತ್ತಾರೆ. ಎಷ್ಟೇ ಎಳೆದರೂ ಕುಣಿಕೆ ಕಿರಿದಾಗುವುದಿಲ್ಲ, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚುತ್ತದೆ.

ಕೀಮೋದ ಕೆಲವು ಮದ್ದುಗಳಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ, ತಣ್ಣಗಿನದು ಮುಟ್ಟಿದರೆ ಚುಚ್ಚುತ್ತದೆ. ಯಜಮಾನರಿಗೂ ಹಾಗೇ ಆಗಿತ್ತು. ಹಗ್ಗ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ರಾತ್ರಿ ನಿದ್ದೆ ಬಾರದಿದ್ದಾಗ ಹೆಂಡತಿಯ ಕೈಯನ್ನೇ ಗೂಟ ಮಾಡಿಕೊಂಡು ಕಟ್ಟುತ್ತಿದ್ದರು. "ಎಳಿ ಮಾರಾಯ್ತಿ, ಜೋರಾಗಿ ಎಳಿ."

"ದೋಣಿ ಎಲ್ಲಿ ಸಿಗತ್ತೆ, ಎಷ್ಟಾಗತ್ತೆ ಅಂತ ಯಾವತ್ತಾದರೂ ವಿಚಾರಿಸಿದ್ದರಾ?" ನನ್ನ ಬಾಯಿಂದ ಯಾಕೆ ಬಂತೋ ಈ ಪ್ರಶ್ನೆ.

ಅಕ್ಕ ಹಗ್ಗ ಸುತ್ತುತ್ತಾ ಸುಮಾರು ಹೊತ್ತು ಕೂತರು. ಆಮೇಲೆ, "ಮಿಕ್ಸರ್ ತರೋಕೆ ನಾಲ್ಕು ಅಂಗಡಿ ಸುತ್ತಿದ ಮನುಷ್ಯ ಮೇಡಂ. ದೋಣಿ ರೇಟು ಒಂದು ದಿನ ಕೇಳಲಿಲ್ಲ. ಅವರಿಗೆ ಹೋಗೋದು ಬೇಕಿರಲಿಲ್ಲ. ರಿಪೋರ್ಟ್ ಮಾತು ಬಿಟ್ಟು ಬೇರೆ ಮಾತು ಬೇಕಿತ್ತು. ಆ ಮಾತು ನನ್ನ ಹತ್ತಿರ ಆಡಿಯಾಯ್ತು. ಈಗ ಹನ್ನೆರಡು ಜನರ ಜೊತೆ ದೋಣಿ ಹತ್ತಿ ನಾನೇನು ಮಾಡಲಿ?"

ನಾನು ಕೊಟ್ಟ ಸಲಹೆ ಇಷ್ಟೇ: ಹೋಗಬೇಡಿ. ನೆಂಟರಿಗೆ ಕಾರಣವನ್ನೂ ಹೇಳಬೇಡಿ. ಮಗನಿಗೆ ಮಾತ್ರ ಹಗ್ಗದ ಕತೆ ಹೇಳಿ, ಸಾಧ್ಯವಾದರೆ ಗಂಟು ಕಲಿಸಿ. ಮಗನಿಗೆ ನಾನೇ ಹೇಳಿದೆ, ನಿನಗೆ ಹೋಗಬೇಕು ಅನ್ನಿಸಿದರೆ ಹೋಗಪ್ಪ, ಆದರೆ ಅದು ನಿನ್ನ ಆಸೆ, ಅಪ್ಪನ ಹೆಸರು ಹೇಳಿ ಅಮ್ಮನನ್ನು ಕಟ್ಟಬೇಡ. ಅವನಿಗೆ ಸಿಟ್ಟು ಬಂತು. ಫೀಸು ಕೊಟ್ಟು ಇದನ್ನು ಕೇಳಬೇಕಾ ಅಂದ.

ಜೊತೆಗೆ ಕೆಲಸ ಮಾಡುವವರೊಬ್ಬರೂ ಒಪ್ಪಲಿಲ್ಲ. ಭಯವನ್ನು ಹಾಗೇ ಬಿಟ್ಟರೆ ಬೆಳೆಯುತ್ತದೆ, ಒಂದು ಸಲ ದೋಣಿ ಹತ್ತಿಸಿದ್ದರೆ ಮನಸ್ಸು ಹಗುರಾಗುತ್ತಿತ್ತು ಅಂದರು. ಆಗುತ್ತಿತ್ತೋ ಏನೋ. ಆದರೆ ಅಕ್ಕ ನೀರಿನ ಭಯಕ್ಕೆ ಮದ್ದು ಕೇಳಿಕೊಂಡು ಬಂದವರಲ್ಲ. ದುಃಖ ಮುಗಿಯಬೇಕಾದರೆ ಸತ್ತವರಿಂದ ಮನಸ್ಸು ಕಿತ್ತುಕೊಳ್ಳಬೇಕು ಅನ್ನುವುದು ಮನೋವಿಶ್ಲೇಷಣೆಯ ಫ್ರಾಯ್ಡ್ 1917ರಲ್ಲಿ ಬರೆದ ಮಾತು. 1990ರ ದಶಕದ ಹೊತ್ತಿಗೆ ಈ ಕ್ಷೇತ್ರದಲ್ಲೇ ಹಲವರು ಅದನ್ನು ಬಿಟ್ಟರು, ನಂಟು ಬೇರೆ ರೂಪದಲ್ಲಿ ಉಳಿದರೆ ತಪ್ಪಿಲ್ಲ ಅಂದರು. ನಾನೂ ಹಾಗೇ ನಂಬಿದವಳು. ಆದರೆ ಆ ರೂಪ ಯಾವುದು ಅಂತ ಹೆಂಡತಿ ಹೇಳಬೇಕು, ನಾದಿನಿ ಅಲ್ಲ.

ಇನ್ನೊಂದು ಮಾತು. ಕಾಯಿಲೆಯವರು "ಹೋಗೋಣ" ಅಂದರೆ "ಸರಿ, ಹೋಗೋಣ" ಅನ್ನಿ. ಅದು ಸುಳ್ಳು ಹೇಳಿದಂತಲ್ಲ. ಕೊನೆ ಆಸೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ದರೆ ಆ ಮಾತು ಬೇರೆ. ಇಲ್ಲಿ ಅದೂ ಇರಲಿಲ್ಲ.

ಡಿಸೆಂಬರ್‌ನಲ್ಲಿ ಮಗ ಹೋಗಿ ಬಂದ. ಸಂಜೆ ಅವನದೇ ಫೋನ್. ದೋಣಿ ದಡ ಬಿಟ್ಟು ಅರ್ಧ ಗಂಟೆಗೆ ವಾಂತಿ ಶುರುವಾಗಿ ಇಡೀ ದಾರಿ ಬಗ್ಗಿಕೊಂಡೇ ಕೂತಿದ್ದನಂತೆ. "ಅಮ್ಮನಿಗೆ ಹೇಳಬೇಡಿ" ಅಂದ. ನಾನು ಹೇಳಲಿಲ್ಲ. ಮನೆಗೆ ಹೋಗಿ ಅವನೇ ಹೇಳಿದ್ದಾನೆ. ಅಕ್ಕ ಶುಂಠಿ ಕಷಾಯ ಕೊಟ್ಟು, ಅವನು ಕುಡಿದು ಮುಗಿಸಿದ ಮೇಲೆ ಹಗ್ಗ ತಂದರಂತೆ.