ಶುಕ್ರ ಕುಲುಮೆ, ಮಂಗಳ ಹಿಮ: ಅನಿಲ ಒಂದೇ ಅಲ್ಲವೇ?

ಪ್ರಶ್ನೆ: ವಿಜ್ಞಾನ ಮೇಳಕ್ಕೆ ಮಕ್ಕಳು ಗ್ರಹಗಳ ಚಾರ್ಟ್ ಬರೆದಿದ್ದಾರೆ. ಇಂಗಾಲದ ಡೈಆಕ್ಸೈಡ್ ಶುಕ್ರದಲ್ಲಿ ಶೇ. 96, ಮಂಗಳದಲ್ಲಿ ಶೇ. 95. ಆದರೂ ಶುಕ್ರದ ನೆಲ 465 ಡಿಗ್ರಿ ಕಾದಿದೆ, ಮಂಗಳದ ಸರಾಸರಿ ಮೈನಸ್ 60ರ ಆಸುಪಾಸು. ಸೂರ್ಯನಿಂದಿರುವ ದೂರವೊಂದೇ ಕಾರಣವೇ?
– ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ದೂರವೂ ಕಾರಣವೇ, ಆದರೆ ಅದೊಂದೇ ಅಲ್ಲ. ಶೇಕಡಾವಾರು ಲೆಕ್ಕ ಪಾಲನ್ನಷ್ಟೇ ಹೇಳುತ್ತದೆ, ಒಟ್ಟು ಎಷ್ಟಿದೆ ಎಂದು ಹೇಳುವುದಿಲ್ಲ. ನಿಮ್ಮ ಪಕ್ಕದ ನಂದಿಬೆಟ್ಟವನ್ನೇ ನೋಡಿ. 1,478 ಮೀಟರ್ ಎತ್ತರದ ತುದಿಯಲ್ಲೂ ಆಮ್ಲಜನಕದ ಪಾಲು ಶೇ. 21ರಷ್ಟೇ. ಒತ್ತಡ ಮಾತ್ರ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 15 ಕಡಿಮೆ, ಹಾಗಾಗಿ ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಒತ್ತಡ ತೀರಾ ಕಡಿಮೆಯಿರುವ ಮಂಗಳದಲ್ಲಿ ಲೋಟದಲ್ಲಿ ನೀರಿಟ್ಟರೆ 0 ಡಿಗ್ರಿಯ ಹತ್ತಿರವೇ ಕುದಿ ಬಂದೀತು!

ಒಂದು ಚದರ ಮೀಟರ್ ನೆಲದ ಮೇಲಿರುವ ಗಾಳಿಯನ್ನೆಲ್ಲ ತೂಗಿದರೆ ಮಂಗಳದಲ್ಲಿ ಸುಮಾರು 160 ಕೆ.ಜಿ., ಭೂಮಿಯಲ್ಲಿ 10 ಟನ್, ಶುಕ್ರದಲ್ಲಿ 1,000 ಟನ್. ಶಾಖ ಹಿಡಿದಿಡುವ ಅನಿಲ ಅಷ್ಟೊಂದು ಇರುವುದರಿಂದಲೇ ಶುಕ್ರ ಕುಲುಮೆ. ಇಲ್ಲೊಂದು ಸೋಜಿಗವಿದೆ. ಭೂಮಿಯ ಆ 10 ಟನ್ನಿನಲ್ಲಿ ಇಂಗಾಲದ ಡೈಆಕ್ಸೈಡ್ ಬರೀ 6 ಕೆ.ಜಿ. ಚಿಲ್ಲರೆ, ಮಂಗಳದ್ದು ಅದರ ಎಷ್ಟೋ ಪಟ್ಟು. ಆದರೂ ಅಲ್ಲಿನ ಹಸಿರುಮನೆ ಪರಿಣಾಮ, ಅಂದರೆ ಗಾಳಿ ಶಾಖವನ್ನು ಹಿಡಿದಿಡುವುದರಿಂದ ಏರುವ ಬಿಸಿ, 5 ಡಿಗ್ರಿಯಷ್ಟು, ನಮ್ಮಲ್ಲಿ 33. ಮಂಗಳದಲ್ಲಿ ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಒತ್ತಡ ಕಡಿಮೆಯಾದಾಗ ಪ್ರತಿ ಅನಿಲವೂ ಶಾಖಕಿರಣಗಳ ತೀರಾ ಕಿರಿದಾದ ಪಟ್ಟಿಗಳನ್ನಷ್ಟೇ ಹೀರುತ್ತದೆ, ಉಳಿದದ್ದು ಬಾಹ್ಯಾಕಾಶಕ್ಕೆ ಸೋರಿಹೋಗುತ್ತದೆ.

ಚಾರ್ಟಿಗೆ ಈ ತೂಕದ ಕಾಲಂ ಸೇರಿಸಿ. ಕಂಬನಕ್ಷೆ ಬರೆಸಬೇಡಿ, ಹಾಳೆ ಸಾಲದು. ಮಂಗಳಕ್ಕೆ 1 ಮಿಲಿಮೀಟರ್ ದಾರ ಕತ್ತರಿಸಿದರೆ ಭೂಮಿಗೆ 6 ಸೆಂಟಿಮೀಟರ್, ಶುಕ್ರಕ್ಕೆ 6 ಮೀಟರಿಗೂ ಹೆಚ್ಚು ಬೇಕು. ಅದನ್ನು ಶಾಲೆಯ ಜಗಲಿಯುದ್ದಕ್ಕೂ ಕಟ್ಟಿಸಿ.