1964ರ ಬೀಟಲ್‌ಗೆ 1967 ಅಥವಾ 1973ರ ಗೇರ್‌ಬಾಕ್ಸ್ ಹೊಂದುತ್ತದೆಯೇ?

ನಿಮ್ಮದು 6 ವೋಲ್ಟಿನ 1964ರ ಫೋಕ್ಸ್‌ವ್ಯಾಗನ್ ಬೀಟಲ್, 1200 ಎಂಜಿನ್, ಎರಡನೇ ಗೇರಿನ ಸಿಂಕ್ರೋ (ಗೇರು ಸದ್ದಿಲ್ಲದೆ ಬೀಳುವಂತೆ ವೇಗ ಹೊಂದಿಸುವ ಉಂಗುರ) ಹೋಗಿದೆ. ಕೈಗೆ ಸಿಕ್ಕಿರುವುದು 1967ರ 1500 ಬೀಟಲ್‌ನ ಗೇರ್‌ಪೆಟ್ಟಿಗೆ ಒಂದು, ಅಮೆರಿಕದ ಮಾರುಕಟ್ಟೆಯ 1973ರದ್ದು ಇನ್ನೊಂದು. 1967ರದ್ದನ್ನು ಇಡಿಯಾಗಿ ಹಾಕಿ. 1973ರದ್ದನ್ನು ಮುಟ್ಟಬೇಡಿ.

ಈ ಕಾರಿನಲ್ಲಿ ಅಡ್ಡ ಬರುವುದು ಒಳಗಿನ ಗೇರುಗಳಿಗಿಂತ ಹೆಚ್ಚಾಗಿ ಪೆಟ್ಟಿಗೆಯ ಹೊರಗಿನ ಜೋಡಣೆಗಳು: ಪಕ್ಕದಲ್ಲಿ ಆಕ್ಸಲ್, ಹಿಂದೆ ಫ್ಲೈವೀಲ್ (ಎಂಜಿನ್ನಿಗೆ ಸೇರಿದ ಹಲ್ಲಿನ ಚಕ್ರ), ಮುಂದೆ ಪೆಟ್ಟಿಗೆಯನ್ನು ಚಾಸಿಗೆ ಹಿಡಿಸುವ ಮೌಂಟ್. 1961ರ ಮಾದರಿಯಿಂದ ಪೆಟ್ಟಿಗೆ ಒಂದೇ ಎರಕದ್ದು, ನಾಲ್ಕೂ ಗೇರಿಗೆ ಸಿಂಕ್ರೋ ಇದೆ. ಅದಕ್ಕೂ ಹಿಂದಿನ ಎರಡು ಹೋಳಿನ ಪೆಟ್ಟಿಗೆಯ ಭಾಗಗಳನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಿಮಗೆ ಉಪಯೋಗವಿಲ್ಲ.

ಮೊದಲು ಆಕ್ಸಲ್. ನಿಮ್ಮ ಕಾರಿನದು ಸ್ವಿಂಗ್ ಆಕ್ಸಲ್: ಪೆಟ್ಟಿಗೆಯ ಎರಡೂ ಬದಿಯಿಂದ ಕೊಳವೆ ಹೊರಡುತ್ತದೆ. ಅಮೆರಿಕಕ್ಕೆ ಹೋದ ಕಾರುಗಳಲ್ಲಿ 1969ರಿಂದ ಸಿವಿ ಜಾಯಿಂಟ್ (ಎರಡೂ ತುದಿಯಲ್ಲಿ ಬಾಗುವ ಆಕ್ಸಲ್ಲಿನ ಕೀಲು) ಬಂತು; ಬೇರೆ ದೇಶಗಳ ಎಷ್ಟೋ ಕಾರುಗಳಲ್ಲಿ ಸ್ವಿಂಗ್ ಆಕ್ಸಲ್ಲೇ ಮುಂದುವರಿಯಿತು. ಹಾಗಾಗಿ ಇಸವಿ ನಂಬಬೇಡಿ, ಪಕ್ಕ ನೋಡಿ. ಕೊಳವೆ ಇಲ್ಲದೆ ಫ್ಲಾಂಜ್ ಇದ್ದರೆ ಅದನ್ನು ಕೂರಿಸಲು ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡಬೇಕು. 1973ರದ್ದು ಬೇಡ ಎನ್ನಲು ಇದು ಮೊದಲ ಕಾರಣ.

1967ರ ಪೆಟ್ಟಿಗೆಯ ಆಕ್ಸಲ್ ಉದ್ದ ಹೆಚ್ಚಿರಬಹುದು. ಹಳೆಯದರ ಪಕ್ಕ ಇಟ್ಟು ಅಳೆಯಿರಿ. ವ್ಯತ್ಯಾಸವಿದ್ದರೆ ನಿಮ್ಮ ಆಕ್ಸಲ್ ಮತ್ತು ಕೊಳವೆಗಳನ್ನೇ ಹೊಸ ಪೆಟ್ಟಿಗೆಗೆ ಸಾಗಿಸಿ, ಆದರೆ ಆಕ್ಸಲ್ಲಿನ ಚಪ್ಪಟೆ ತುದಿ, ಅದು ಕೂರುವ ಸೈಡ್ ಗೇರ್, ಇವೆರಡರ ನಡುವಿನ ಫಲ್ಕ್ರಂ ಪ್ಲೇಟ್ ಎಂಬ ತುಣುಕು ಮೂರೂ ಜೊತೆಯಾಗಿ ಹೋಗಬೇಕು. ಕಾರ್ಖಾನೆಯಲ್ಲಿ ಇವನ್ನು ಬಣ್ಣದ ಗುರುತಿಟ್ಟು ಜೋಡಿ ಮಾಡಿರುತ್ತಾರೆ. ಎಡಬಲ ಅದಲುಬದಲಾದರೆ ಸಡಿಲಾಗಿ ಟಕಟಕ ಎನ್ನುತ್ತದೆ, ಇಲ್ಲವೇ ಬಿಗಿದು ಬಿಸಿಯಾಗುತ್ತದೆ.

ಇನ್ನು ಫ್ಲೈವೀಲ್. 6 ವೋಲ್ಟಿನದಕ್ಕೆ 109 ಹಲ್ಲು, 12 ವೋಲ್ಟಿನದಕ್ಕೆ 130. ದೊಡ್ಡದನ್ನು ಹಳೆಯ ಪೆಟ್ಟಿಗೆಗೆ ಹಾಕುವವರು ಬೆಲ್ ಹೌಸಿಂಗಿನ (ಫ್ಲೈವೀಲನ್ನು ಸುತ್ತುವರಿದ ಪೆಟ್ಟಿಗೆಯ ಹಿಂಭಾಗ) ಒಳಗೋಡೆಯನ್ನು ಗ್ರೈಂಡ್ ಮಾಡಬೇಕಾಗುತ್ತದೆ. ನಿಮ್ಮದು ಇದರ ತಿರುಗುಮುರುಗು: ಚಿಕ್ಕ ಫ್ಲೈವೀಲ್, 1967ರ ಪೆಟ್ಟಿಗೆಯಲ್ಲಿ ದೊಡ್ಡ ಜಾಗ. ಗ್ರೈಂಡಿಂಗ್ ಬೇಕಿಲ್ಲ. ಜನ ಮರೆಯುವುದು ಸ್ಟಾರ್ಟರ್ ಬುಶ್, ಅಂದರೆ ಸ್ಟಾರ್ಟರ್ ಶಾಫ್ಟಿನ ತುದಿ ಕೂರುವ ಲೋಹದ ಬಳೆ. 6 ವೋಲ್ಟಿನ ಸ್ಟಾರ್ಟರ್ ಶಾಫ್ಟ್ 12.5 ಮಿಮೀ, 12 ವೋಲ್ಟಿನದು 10.9 ಮಿಮೀ. ಒಳವ್ಯಾಸ ನಿಮ್ಮ ಶಾಫ್ಟಿಗೆ, ಹೊರವ್ಯಾಸ ಆ ಪೆಟ್ಟಿಗೆಯ ತೂತಿಗೆ ಸರಿಹೋಗುವ ಬುಶ್ಶನ್ನು, ಎಂಜಿನ್ ಕೆಳಗಿಳಿದಿರುವಾಗಲೇ ಬಡಿದು ಕೂರಿಸಿ. ಬುಶ್ ಸಡಿಲವಿದ್ದರೆ ಸ್ಟಾರ್ಟರ್ ಓರೆಯಾಗಿ ಹಲ್ಲು ತಿನ್ನುತ್ತದೆ. ಜನ ಬ್ಯಾಟರಿಯನ್ನು ಬೈಯುತ್ತಾರೆ.

ಕ್ಲಚ್ ರಿಲೀಸ್ ಬೇರಿಂಗನ್ನೂ (ಪೆಡಲ್ ಒತ್ತಿದಾಗ ಕ್ಲಚ್ಚಿನ ಪ್ರೆಶರ್ ಪ್ಲೇಟನ್ನು ತಳ್ಳುವ ಬೇರಿಂಗ್) ನೋಡಿಕೊಳ್ಳಿ. 1971ರಿಂದ ಇನ್‌ಪುಟ್ ಶಾಫ್ಟಿನ ಸುತ್ತ ಗೈಡ್ ಕೊಳವೆ ಬಂತು, ಪ್ರೆಶರ್ ಪ್ಲೇಟಿನ ನಡುವಿನ ಉಂಗುರ ಹೋಯಿತು. ಹಳೆಯ ಬೇರಿಂಗಿಗೆ ಉಂಗುರವಿರುವ ಪ್ಲೇಟ್, ಹೊಸದಕ್ಕೆ ಇಲ್ಲದ ಪ್ಲೇಟ್. ಬೆರೆಸಿದರೆ ಬೇರಿಂಗ್ ಬೇಗ ಸಾಯುತ್ತದೆ. ಮುಂದಿನ ಮೌಂಟಿನ ತೂತು ಹೊಂದದಿದ್ದರೆ ನಿಮ್ಮ ಹಳೆಯ ನೋಸ್ ಕೋನನ್ನು (ಪೆಟ್ಟಿಗೆಯ ಮುಂತುದಿಯ ಮುಚ್ಚಳ) ಒಳಗಿನ ಶಿಫ್ಟ್ ಲಿವರ್ ಸಮೇತ ವರ್ಗಾಯಿಸಿ.

‘1973ರ ಕ್ರೌನ್ ಪಿನಿಯನ್ ಮಾತ್ರ ತೆಗೆದು ನನ್ನ ಪೆಟ್ಟಿಗೆಗೆ ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ ಹಗುರವಾಗಿ ಓಡುವುದಿಲ್ಲವೇ’ ಎಂದೂ ಕೇಳಿದ್ದೀರಿ. ಕ್ರೌನ್ ಪಿನಿಯನ್ ಎಂದರೆ ಆಕ್ಸಲ್ಲುಗಳನ್ನು ತಿರುಗಿಸುವ ಕೊನೆಯ ಗೇರು ಜೋಡಿ. ಓಡುತ್ತದೆ, ಸಮತಟ್ಟಿನಲ್ಲಿ. ಅದರ ಅನುಪಾತ ನಿಮ್ಮದರಲ್ಲಿ 4.375, 1967ರ 1500ರದ್ದು 4.125, 1973ರದ್ದು 3.875. ಆದರೆ 1973ರಲ್ಲಿ ನಾಲ್ಕನೇ ಗೇರಿನ ಅನುಪಾತವನ್ನೂ 0.89ರಿಂದ 0.93ಕ್ಕೆ ಬದಲಿಸಿದ್ದರು. ಆ ಪೂರ್ತಿ ಪೆಟ್ಟಿಗೆಯಲ್ಲಿ ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಸುತ್ತು ನಿಮ್ಮದಕ್ಕಿಂತ ಸುಮಾರು 7 ಶೇಕಡಾ ಕಡಿಮೆ. ಕ್ರೌನ್ ಪಿನಿಯನ್ ಒಂದನ್ನೇ ನಿಮ್ಮ 0.89ರ ಜೊತೆ ಸೇರಿಸಿದರೆ ಇಳಿಕೆ 11 ಶೇಕಡಾ ಮೀರುತ್ತದೆ, ಮೊದಲ ಗೇರೂ ಅಷ್ಟೇ ಎತ್ತರವಾಗುತ್ತದೆ, ಅಂದರೆ ಎಳೆಯುವ ಬಲ ಕಡಿಮೆಯಾಗುತ್ತದೆ. 34 ಅಶ್ವಶಕ್ತಿಯ ಎಂಜಿನ್ ಏರಿನಲ್ಲಿ ಮೂರಕ್ಕೆ ಇಳಿಯುತ್ತಲೇ ಇರುತ್ತದೆ, ಹೊರಡುವಾಗ ಕ್ಲಚ್ ಸುಡುತ್ತದೆ. ಇಡೀ 1967ರ ಪೆಟ್ಟಿಗೆಯಲ್ಲಿ ಇಳಿಕೆ 6 ಶೇಕಡಾ ಒಳಗೇ. ಅದನ್ನು ಈ ಎಂಜಿನ್ ತಾಳುತ್ತದೆ. ಅಂದಹಾಗೆ ಬೀಟಲ್‌ನ ಸ್ಪೀಡೋಮೀಟರ್ ಎಡ ಮುಂಚಕ್ರದಿಂದ ಓಡುವುದರಿಂದ ಯಾವ ಪೆಟ್ಟಿಗೆ ಹಾಕಿದರೂ ಅದು ಕೆಡುವುದಿಲ್ಲ.

ಹಳೆಯ ಪೆಟ್ಟಿಗೆಯನ್ನೇ ಬಿಚ್ಚಿ ರಿಪೇರಿ ಮಾಡುವುದಾದರೆ ಗೇರುಗಳನ್ನು ಜೋಡಿಯಾಗಿಯೇ ಬದಲಿಸಿ, ಸಿಂಕ್ರೋದ ಹಬ್ ಮತ್ತು ಅದರ ಮೇಲೆ ಜಾರುವ ಸ್ಲೀವನ್ನು ಬೇರ್ಪಡಿಸಬೇಡಿ. ಸಿಂಕ್ರೋ ರಿಂಗನ್ನು ಗೇರಿನ ಕೋನಿಗೆ ಒತ್ತಿ ರಿಂಗ್ ಮತ್ತು ಗೇರಿನ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ: 0.6 ಮಿಮೀಗಿಂತ ಕಡಿಮೆ ಬಂದರೆ ರಿಂಗ್ ಮುಗಿದಿದೆ. ಕ್ರೌನ್ ಪಿನಿಯನ್ ಬದಲಿಸಿದರೆ ಶಿಮ್ಮನ್ನು (ಜಾಗ ಸರಿಪಡಿಸುವ ತೆಳು ತಗಡು) ಹೊಸದಾಗಿ ಲೆಕ್ಕ ಹಾಕಿಸಬೇಕು, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.15ರಿಂದ 0.25 ಮಿಮೀ. ಅಳತೆಯ ಸಲಕರಣೆ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ, ಕೊರಗುವ ಸದ್ದು ಮತ್ತೆ ಹೋಗುವುದಿಲ್ಲ.

ಗೇರ್ ಎಣ್ಣೆ: ದಪ್ಪ ಎಸ್‌ಎಇ 90, ದರ್ಜೆ ಜಿಎಲ್-4. ಖಾಲಿ ಬಿಚ್ಚಿ ಜೋಡಿಸಿದ ಪೆಟ್ಟಿಗೆಗೆ 3 ಲೀಟರ್, ಬರೀ ಎಣ್ಣೆ ಬದಲಿಸಿದರೆ 2.5. 17 ಮಿಮೀ ಅಲೆನ್ ಕೀ ಬೇಕು. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ, ಆಮೇಲೆ ಕೆಳಗಿನದನ್ನು ತೆಗೆಯಿರಿ. ಎಲ್ಲ ಸೇರಿಸಿದ ಮೇಲೆ ಕ್ಲಚ್ ಪೆಡಲಿನ ಆಟ (ಬಿಗಿ ಸಿಗುವ ಮೊದಲಿನ ಸಡಿಲ) 10ರಿಂದ 20 ಮಿಮೀ ಇಡಿ.